ಬೆಟ್ಟ ಕಡಿದವರು, ನೀರು ತಂದವರು

(ರೈತರ ಸಭೆಯಲ್ಲಿ ಮಾಡಿದ ಭಾಷಣ)



ಬ್ಲಾಕಿನ ಯಾವ ಹಳ್ಳಿಯ ಕಟ್ಟೆಯ ಮೇಲೆ ಕುಳಿತು ಮಾತು ತೆಗೆದರೂ ಕೊನೆಗೆ ಬಂದು ನಿಲ್ಲುವ ಬೇಡಿಕೆಗಳು ನಾಲ್ಕೇ. ಊರಿಗೆ ದಾರಿ ಬೇಕು, ನೀರು ಬೇಕು, ನೆರಳು ಬೇಕು, ಮಕ್ಕಳಿಗೆ ಶಾಲೆ ಬೇಕು. ಇವುಗಳ ಬೆನ್ನಿಗೇ ಇನ್ನೊಂದು ಮಾತೂ ಬರುತ್ತದೆ: “ಇದೆಲ್ಲ ನಮ್ಮಂಥವರ ಕೈಲಿ ಆಗುವ ಕೆಲಸವೇ?” ಅಷ್ಟಕ್ಕೆ ಮಾತು ಮುಗಿದು ಎಲ್ಲರೂ ಪಂಚೆ ಕೊಡವಿಕೊಂಡು ಮನೆಗೆ ಹೋಗುತ್ತಾರೆ.

ಈ ಪ್ರಶ್ನೆಗೆ ನಾನು ಉಪದೇಶದಿಂದ ಉತ್ತರ ಹೇಳಲು ಬಂದಿಲ್ಲ. ನಾಲ್ಕು ಜನರ ಸಂಗತಿಯನ್ನು ಹೇಳುತ್ತೇನೆ. ಇದು ಕಟ್ಟುಕಥೆಯಲ್ಲ, ನಮ್ಮ ದೇಶದಲ್ಲಿ ನಡೆದದ್ದು. ಒಬ್ಬರು ದಾರಿ ಮಾಡಿದರು, ಒಬ್ಬರು ನೀರು ತಂದರು, ಒಬ್ಬರು ನೆರಳು ಬೆಳೆಸಿದರು, ಒಬ್ಬರು ಶಾಲೆ ತಂದರು. ನಾಲ್ವರಿಗೂ ಹಣದ ಬಲವಿರಲಿಲ್ಲ, ಅಧಿಕಾರದ ಬಲವಿರಲಿಲ್ಲ, ಹಿಂದೆ ನಿಂತು ಬೆನ್ನು ತಟ್ಟುವವರೂ ಇರಲಿಲ್ಲ. ಕೇಳಿ, ಆಮೇಲೆ ನೀವೇ ಲೆಕ್ಕ ಹಾಕಿ.

ದಾರಿ

ಬಿಹಾರದ ಗಯಾ ಜಿಲ್ಲೆಯಲ್ಲಿ ಗೆಹ್ಲೋರ್ ಎಂಬ ಹಳ್ಳಿಯಿದೆ. ಊರಿಗೆ ಅಡ್ಡಲಾಗಿ ಕಲ್ಲುಬೆಟ್ಟ. ಬೆಟ್ಟದ ಆಚೆಗೆ ಪೇಟೆ, ಆಸ್ಪತ್ರೆ ಎಲ್ಲ ಇದ್ದವು. ಆದರೆ ಹೋಗಬೇಕಾದರೆ ಬೆಟ್ಟವನ್ನು ಬಹು ದೂರ ಸುತ್ತಬೇಕು, ಇಲ್ಲವೆ ಕಡಿದಾದ ಕಾಲುದಾರಿಯಲ್ಲಿ ಜೀವ ಕೈಲಿ ಹಿಡಿದು ಹತ್ತಿ ಇಳಿಯಬೇಕು. ಆ ಊರಿನಲ್ಲಿ ದಶರಥ ಮಾಂಝಿ ಎಂಬ ಕೂಲಿಯಾಳು ಇದ್ದರು. ಮುಸಹರ ಎಂಬ ಜಾತಿಯವರು. ಆ ಸೀಮೆಯಲ್ಲಿ ಅವರಷ್ಟು ಕೆಳಕ್ಕೆ ತಳ್ಳಲ್ಪಟ್ಟವರು ಕಡಿಮೆ. ಅವರ ಹೆಂಡತಿ ಫಾಲ್ಗುಣಿ ದೇವಿ. 1959ರಲ್ಲಿ ಆಕೆ ಆ ಬೆಟ್ಟದಲ್ಲಿ ಬಿದ್ದು ಪೆಟ್ಟು ಮಾಡಿಕೊಂಡರು. ಹೊತ್ತಿಗೆ ಸರಿಯಾಗಿ ಚಿಕಿತ್ಸೆ ದೊರೆಯದೆ ತೀರಿಕೊಂಡರು.

ಹೆಂಡತಿ ಸತ್ತ ದುಃಖದಲ್ಲಿ ಮನುಷ್ಯ ಏನು ಮಾಡಬಹುದು? ಅಳಬಹುದು, ಹಣೆಬರಹ ಎನ್ನಬಹುದು. ಮಾಂಝಿಯವರು ಆಡುಗಳನ್ನು ಮಾರಿ ಒಂದು ಸುತ್ತಿಗೆ, ಒಂದು ಉಳಿ, ಒಂದು ಹಾರೆ ಕೊಂಡರು. 1960ರಲ್ಲಿ ಬೆಟ್ಟದ ಮುಂದೆ ನಿಂತು ಕಲ್ಲು ಒಡೆಯಲು ತೊಡಗಿದರು. ಊರವರು ಹುಚ್ಚ ಎಂದರು. ಹೊಟ್ಟೆಪಾಡಿಗೆ ಕೂಲಿ ಮಾಡುವುದು, ಮಿಕ್ಕ ಹೊತ್ತೆಲ್ಲ ಬೆಟ್ಟ ಕಡಿಯುವುದು. ಹೀಗೆ 22 ವರ್ಷ ನಡೆಯಿತು. 1982ರಲ್ಲಿ ದಾರಿ ಮುಗಿಯಿತು. 360 ಅಡಿ ಉದ್ದ, 30 ಅಡಿ ಅಗಲ, ಬೆಟ್ಟದೊಳಕ್ಕೆ 25 ಅಡಿ ಆಳ. ಅತ್ರಿ ಬ್ಲಾಕಿಗೂ ವಜೀರ್‌ಗಂಜ್ ಬ್ಲಾಕಿಗೂ ನಡುವೆ 55 ಕಿಲೋಮೀಟರು ಇದ್ದ ದಾರಿ 15 ಕಿಲೋಮೀಟರಿಗೆ ಇಳಿಯಿತು.

ಈಗ ಒಂದು ಲೆಕ್ಕ ಮಾಡೋಣ. 360 ಅಡಿ ಎಂದರೆ 4320 ಅಂಗುಲ. 22 ವರ್ಷ ಎಂದರೆ ಸುಮಾರು 8000 ದಿನ. ಭಾಗಿಸಿ ನೋಡಿ: ದಿನಕ್ಕೆ ಅರ್ಧ ಅಂಗುಲಕ್ಕೆ ತುಸು ಹೆಚ್ಚು. ಅಷ್ಟೇ! ಸಂಜೆ ಸುತ್ತಿಗೆ ಕೆಳಗಿಟ್ಟು ಹಿಂದಿರುಗಿ ನೋಡಿದರೆ ಕಣ್ಣಿಗೆ ಕಾಣುವಷ್ಟೂ ದಾರಿ ಮುಂದೆ ಸಾಗಿರುತ್ತಿರಲಿಲ್ಲ. ಒಂದು ವರ್ಷವಾದರೂ 17 ಅಡಿಯೂ ಆಗಿರುತ್ತಿರಲಿಲ್ಲ. “ಇಷ್ಟು ದಿನಕ್ಕೆ ಇಷ್ಟೇನೇ?” ಎಂದು ಅವರು ಒಂದು ದಿನ ಬೇಸರಪಟ್ಟು ಮನೆಯಲ್ಲಿ ಕುಳಿತಿದ್ದರೆ ಆ ಬೆಟ್ಟ ಇಂದಿಗೂ ಹಾಗೆಯೇ ಇರುತ್ತಿತ್ತು.

ಇನ್ನೂ ಒಂದು ಲೆಕ್ಕವಿದೆ, ಅದು ಸ್ವಲ್ಪ ಕಹಿ. ಒಬ್ಬರಿಗೆ 22 ವರ್ಷದ ಕೆಲಸ ಎಂದರೆ 22 ಜನಕ್ಕೆ ಒಂದೇ ವರ್ಷದ ಕೆಲಸ. 44 ಜನ ಕೈಗೂಡಿಸಿದ್ದರೆ ಆರು ತಿಂಗಳು. ಆ ದಾರಿ ಎಲ್ಲರಿಗೂ ಬೇಕಾಗಿತ್ತು. ಕಾಲಕ್ರಮದಲ್ಲಿ ಕೆಲವರು ಊಟ ಕೊಟ್ಟರು, ಆಯುಧ ಕೊಳ್ಳಲು ನೆರವಾದರು ಎಂಬುದು ನಿಜ. ಆದರೆ ಸುತ್ತಿಗೆ ಹಿಡಿದವರು ಅವರೊಬ್ಬರೇ. “ಹತ್ತು ಜನರ ಕಡ್ಡಿ ಒಬ್ಬನಿಗೆ ತಲೆಹೊರೆ” ಎಂಬ ಗಾದೆಯನ್ನು ನಾವು ಬಾಯಲ್ಲಿ ಹೇಳುತ್ತೇವೆ. ಅಲ್ಲಿ ಒಬ್ಬ ಮನುಷ್ಯ ಅದನ್ನು 22 ವರ್ಷ ತಲೆಯ ಮೇಲೆ ಹೊತ್ತ. 2007ರ ಆಗಸ್ಟ್ 17ರಂದು ಮಾಂಝಿಯವರು ತೀರಿಕೊಂಡಾಗ ಬಿಹಾರ ಸರಕಾರ ಸರಕಾರಿ ಗೌರವದೊಡನೆ ಅವರ ಅಂತ್ಯಕ್ರಿಯೆ ನಡೆಸಿತು. 2016ರಲ್ಲಿ ಅವರ ಚಿತ್ರವಿರುವ ಅಂಚೆಚೀಟಿಯೂ ಬಂತು. ಗೌರವ ಬಂದದ್ದು ಸಂತೋಷ. ಆದರೆ ಹುಚ್ಚ ಎಂದು ನಗುವುದಕ್ಕೆ ಊರಿಗೆ ಒಂದು ದಿನವೂ ಬೇಕಾಗಲಿಲ್ಲ, ಗೌರವಿಸುವುದಕ್ಕೆ ಎಷ್ಟು ವರ್ಷ ಬೇಕಾಯಿತು ಎಂಬುದನ್ನು ನೆನಪಿಡೋಣ.

ನೀರು

ಇನ್ನು ನಮ್ಮ ನಾಡಿಗೆ ಬರೋಣ. ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ ತಾಲ್ಲೂಕಿನಲ್ಲಿ ಅಡ್ಯನಡ್ಕದ ಬಳಿ ಅಮೈ ಎಂಬ ಜಾಗವಿದೆ. ಅಲ್ಲಿನ ಮಹಾಲಿಂಗ ನಾಯ್ಕರು ಪರರ ತೋಟಗಳಲ್ಲಿ ಅಡಕೆ, ತೆಂಗಿನ ಮರ ಹತ್ತುವ ಕೂಲಿ ಮಾಡುತ್ತಿದ್ದವರು. ಸ್ವಂತಕ್ಕೆ ಗೇಣು ನೆಲವಿರಲಿಲ್ಲ. 1978ರಲ್ಲಿ ಅವರ ದುಡಿಮೆ ಮೆಚ್ಚಿ ತೋಟದ ಯಜಮಾನರು ಎರಡು ಎಕರೆ ಜಾಗ ಕೊಟ್ಟರು. ಜಾಗವೇನೋ ಸಿಕ್ಕಿತು, ಆದರೆ ಅದು ಗುಡ್ಡದ ಇಳಿಜಾರು, ತೊಟ್ಟು ನೀರಿಲ್ಲ. ಬಾವಿ ತೆಗೆಸಲು ಹಣವಿಲ್ಲ, ತೆಗೆಸಿದರೂ ನೀರೆತ್ತಲು ಪಂಪಿಲ್ಲ.

ಆ ಸೀಮೆಯಲ್ಲಿ ಹಿಂದಿನಿಂದಲೂ ಬಂದ ಒಂದು ಉಪಾಯವಿದೆ. ಅದಕ್ಕೆ ಸುರಂಗ ಎನ್ನುತ್ತಾರೆ. ಬಯಲುಸೀಮೆಯವರಿಗೆ ಇದು ಹೊಸದಾದೀತು, ಆದುದರಿಂದ ಸ್ವಲ್ಪ ವಿವರಿಸುತ್ತೇನೆ. ಬಾವಿಯನ್ನು ನೆಲದೊಳಕ್ಕೆ ಕೆಳಮುಖವಾಗಿ ತೋಡುತ್ತೇವಲ್ಲವೆ? ಸುರಂಗವನ್ನು ಗುಡ್ಡದೊಳಕ್ಕೆ ಅಡ್ಡವಾಗಿ ಕೊರೆಯುತ್ತಾರೆ. ಒಬ್ಬ ಮನುಷ್ಯ ನಿಂತು ಪಿಕಾಸಿ ಬೀಸುವಷ್ಟು ಜಾಗ ಮಾತ್ರ. ಮಳೆಗಾಲದಲ್ಲಿ ಗುಡ್ಡ ಕುಡಿದ ನೀರು ಮುರಕಲ್ಲಿನ ಸಂದುಗಳಲ್ಲಿ ನಿಂತಿರುತ್ತದೆ. ಅದು ಸಿಕ್ಕುವವರೆಗೆ ಕೊರೆದರೆ ನೀರು ಸುರಂಗದೊಳಕ್ಕೆ ಜಿನುಗಿ ತಾನೇ ಹೊರಗೆ ಹರಿದುಬರುತ್ತದೆ. ಬಾಯಿಯ ಬಳಿ ಒಂದು ತೊಟ್ಟಿ ಮಾಡಿ ನಿಲ್ಲಿಸಿಕೊಂಡರೆ ಆಯಿತು. ಹಗ್ಗ ಬೇಡ, ಪಂಪು ಬೇಡ, ಕರೆಂಟು ಬೇಡ. ಆದರೆ ನೀರು ಎಷ್ಟು ಅಡಿಗೆ ಸಿಕ್ಕೀತು, ಸಿಕ್ಕೀತೋ ಇಲ್ಲವೋ ಎಂದು ಮೊದಲೇ ಹೇಳುವವರು ಯಾರೂ ಇಲ್ಲ.

ನಾಯ್ಕರು ಹಗಲೆಲ್ಲ ಕೂಲಿ ಮಾಡಿ, ಆಮೇಲೆ ತಮ್ಮ ಜಾಗಕ್ಕೆ ಬಂದು ದೀಪದ ಬೆಳಕಿನಲ್ಲಿ ಒಬ್ಬರೇ ಗುಡ್ಡ ಕೊರೆದರು. ಮೊದಲನೆಯ ಸುರಂಗದಲ್ಲಿ ನೀರು ಬರಲಿಲ್ಲ. ಎರಡನೆಯದೂ ಒಣಗಿತ್ತು. ಮೂರು, ನಾಲ್ಕು, ಐದು ಸುರಂಗಗಳಾದರೂ ನೀರಿಲ್ಲ. ವರ್ಷಗಟ್ಟಲೆ ದುಡಿದದ್ದೆಲ್ಲ ಮಣ್ಣುಪಾಲಾಯಿತು ಎಂದು ನೋಡಿದವರು ಆಡಿಕೊಂಡರು. ಅವರು ಆರನೆಯದಕ್ಕೆ ಕೈಹಾಕಿದರು. ನೀರು ಬಂತು. ಬೋಳುಗುಡ್ಡವಾಗಿದ್ದ ಜಾಗದಲ್ಲಿ ಅಡಕೆ, ತೆಂಗು, ಬಾಳೆ, ಕಾಳುಮೆಣಸು ಎದ್ದವು. 2022ರಲ್ಲಿ ಭಾರತ ಸರಕಾರ ಅವರಿಗೆ ಪದ್ಮಶ್ರೀ ಕೊಟ್ಟಿತು.

ಇಲ್ಲಿ ನಿಮ್ಮಲ್ಲಿ ಯಾರಾದರೂ ಎದ್ದು ಕೇಳಬಹುದು: “ಸ್ವಾಮಿ, ನಮ್ಮೂರಿನಲ್ಲೂ ಐದು ಕೊಳವೆಬಾವಿ ಕೊರೆಸಿ ಆರನೆಯದಕ್ಕೆ ಹೋದವರಿದ್ದಾರೆ. ಅವರು ಮನೆ ಮಠ ಕಳೆದುಕೊಂಡರಲ್ಲ? ಅದೂ ಹಠವೇ ತಾನೆ?” ಬಹಳ ಸರಿಯಾದ ಪ್ರಶ್ನೆ. ಎಲ್ಲ ಹಠವೂ ಒಂದೇ ಅಲ್ಲ. ನಾಯ್ಕರು ಪ್ರತಿ ಸಲ ಸೋತಾಗಲೂ ಕಳೆದುಕೊಂಡದ್ದು ತಮ್ಮ ಬೆವರನ್ನು ಮಾತ್ರ; ಹಗಲಿನ ಕೂಲಿ ಅವರ ಕೈಯಲ್ಲೇ ಇತ್ತು, ಮನೆಯ ಒಲೆ ಆರಲಿಲ್ಲ, ಸಾಲಗಾರ ಬಾಗಿಲಿಗೆ ಬರಲಿಲ್ಲ. ಸಾಲ ತಂದು ಕೊಳವೆಬಾವಿ ಕೊರೆಸುವವನು ಸೋತಾಗ ನಾಳೆಯ ಗಂಜಿಯನ್ನೂ ಕಳೆದುಕೊಳ್ಳುತ್ತಾನೆ. ನಾಯ್ಕರ ಸುರಂಗ ಗುಡ್ಡದಿಂದ ತಾನಾಗಿ ಹರಿದುಬರುವಷ್ಟನ್ನೇ ತೆಗೆದುಕೊಳ್ಳುತ್ತದೆ. ನೂರಾರು ಅಡಿ ಆಳದ ಕೊಳವೆಬಾವಿ ಪಕ್ಕದ ಹೊಲದವನ ನೀರನ್ನೂ ಎಳೆಯುತ್ತದೆ. ಆದ್ದರಿಂದ ಹಠ ಹಿಡಿಯುವ ಮುಂಚೆ ಒಂದು ಪ್ರಶ್ನೆ ಹಾಕಿಕೊಳ್ಳಿ: ಈ ಸಲ ಸೋತರೆ ನಾಳೆ ಬೆಳಿಗ್ಗೆ ಮತ್ತೆ ಎದ್ದು ನಿಲ್ಲುವ ಶಕ್ತಿ ನನಗೆ ಉಳಿದಿರುತ್ತದೆಯೇ? ಉಳಿಯುತ್ತದೆ ಎಂದಾದರೆ ಅದು ಛಲ. ಉಳಿಯುವುದಿಲ್ಲ ಎಂದಾದರೆ ಅದು ಜೂಜು.

ನೆರಳು

ಮೂರನೆಯವರು ನಿಮಗೆಲ್ಲ ಗೊತ್ತಿರುವವರೇ, ಸಾಲುಮರದ ತಿಮ್ಮಕ್ಕನವರು. ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಮಾಗಡಿ ತಾಲ್ಲೂಕಿನ ಹುಲಿಕಲ್ಲಿಗೆ ಚಿಕ್ಕಯ್ಯನವರ ಹೆಂಡತಿಯಾಗಿ ಬಂದವರು. ಗಂಡ ಹೆಂಡತಿ ಇಬ್ಬರೂ ಕೂಲಿಕಾರರು. ಮಕ್ಕಳಾಗಲಿಲ್ಲ. ಹಳ್ಳಿಯಲ್ಲಿ ಮಕ್ಕಳಿಲ್ಲದ ಹೆಣ್ಣು ಎಂಥೆಂಥ ಮಾತು ಕೇಳಬೇಕಾಗುತ್ತದೆ ಎಂಬುದನ್ನು ಇಲ್ಲಿ ಕುಳಿತಿರುವ ತಾಯಂದಿರಿಗೆ ನಾನು ಹೇಳಬೇಕಾದುದಿಲ್ಲ. ಆ ದಂಪತಿಗಳು ಗಿಡಗಳನ್ನೇ ಮಕ್ಕಳೆಂದುಕೊಂಡರು.

ಹುಲಿಕಲ್ಲಿನಿಂದ ಕುದೂರಿಗೆ ಹೋಗುವ ದಾರಿ ಸುಮಾರು ನಾಲ್ಕು ಕಿಲೋಮೀಟರು. ಆ ದಾರಿಯ ಬದಿಗೆ ಮೊದಲ ವರ್ಷ ಹತ್ತು ಆಲದ ಸಸಿ ನೆಟ್ಟರು. ಎರಡನೆಯ ವರ್ಷ ಹದಿನೈದು, ಮೂರನೆಯ ವರ್ಷ ಇಪ್ಪತ್ತು. ಗಮನಿಸಿ, ಮೊದಲ ವರ್ಷವೇ ನೂರು ನೆಡಲಿಲ್ಲ. ಎಷ್ಟಕ್ಕೆ ನೀರು ಹೊರಬಲ್ಲೆವೋ ಅಷ್ಟೇ ನೆಟ್ಟರು. ಮಳೆಗಾಲದಲ್ಲಿ ನೆಟ್ಟರೆ ಬೇರು ಹಿಡಿಯುವುದು ಸುಲಭ ಎಂದು ಮಳೆ ನೋಡಿ ನೆಟ್ಟರು. ಬೇಸಿಗೆಯಲ್ಲಿ ಬಿಂದಿಗೆಗಳಲ್ಲಿ ನೀರು ಹೊತ್ತು ಹಾಕಿದರು. ದನ ಕರು ಮೇಯದಂತೆ ಮುಳ್ಳಿನ ಬೇಲಿ ಕಟ್ಟಿದರು. ಹೀಗೆ ಬೆಳೆದ ಆಲದ ಮರಗಳು 385 ಎಂದು ಲೆಕ್ಕ. 1991ರಲ್ಲಿ ಚಿಕ್ಕಯ್ಯನವರು ತೀರಿಕೊಂಡ ಮೇಲೂ ತಿಮ್ಮಕ್ಕನವರು ಗಿಡದ ಕೆಲಸ ಬಿಡಲಿಲ್ಲ.

ನಾವೂ ಪ್ರತಿ ವರ್ಷ ವನಮಹೋತ್ಸವ ಮಾಡುತ್ತೇವೆ. ಹಲವು ಕಡೆ ಹೋದ ವರ್ಷದ ಗುಂಡಿಯಲ್ಲೇ ಈ ವರ್ಷದ ಸಸಿ ಇಡುವುದನ್ನು ನೀವೂ ನೋಡಿದ್ದೀರಿ. ನೆಡುವುದು ಅರ್ಧ ಗಳಿಗೆಯ ಕೆಲಸ. ಬೇಲಿ ಕಟ್ಟಿ ಎರಡು ಮೂರು ಬೇಸಿಗೆ ನೀರು ಹಾಕುವುದೇ ನಿಜವಾದ ಕೆಲಸ. ತಿಮ್ಮಕ್ಕನವರು ನೆಟ್ಟದ್ದಕ್ಕಿಂತ ಕಾಪಾಡಿದ್ದು ದೊಡ್ಡದು. ಆ ಕಾವಲು ಅವರ ಮುಪ್ಪಿನಲ್ಲೂ ಮುಗಿಯಲಿಲ್ಲ. 2019ರಲ್ಲಿ ಬಾಗೇಪಲ್ಲಿ–ಹಲಗೂರು ರಸ್ತೆಯನ್ನು ಅಗಲ ಮಾಡುವ ಕೆಲಸ ಬಂದು ಆ ಮರಗಳಿಗೆ ಕೊಡಲಿ ಬೀಳುವ ಹಾಗಾದಾಗ, ನೂರು ದಾಟಿದ ಆ ತಾಯಿ ಸರಕಾರದ ಮುಂದೆ ಹೋಗಿ ಮರಗಳನ್ನು ಉಳಿಸಿಕೊಡಿ ಎಂದು ಕೇಳಿದರು. ಸರಕಾರ ಬೇರೆ ಮಾರ್ಗ ನೋಡಲು ಒಪ್ಪಿತು. ಅದೇ ವರ್ಷ ಅವರಿಗೆ ಪದ್ಮಶ್ರೀ ಬಂದಿತ್ತು. 2025ರ ನವೆಂಬರ್ 14ರಂದು ತಿಮ್ಮಕ್ಕನವರು ತೀರಿಕೊಂಡರು. ಸಸಿ ನೆಟ್ಟವರು ಹೋದರು, ದಾರಿಹೋಕರಿಗೆ ನೆರಳಿದೆ.

ಶಾಲೆ

ನಾಲ್ಕನೆಯವರು ಹರೇಕಳ ಹಾಜಬ್ಬನವರು. ಮಂಗಳೂರಿನ ಬೀದಿಗಳಲ್ಲಿ ಬುಟ್ಟಿ ಹೊತ್ತು ಕಿತ್ತಳೆಹಣ್ಣು ಮಾರುತ್ತಿದ್ದವರು. ಶಾಲೆಯ ಮುಖ ಕಂಡವರಲ್ಲ. ಒಂದು ದಿನ ಇಬ್ಬರು ಪರದೇಶದವರು ಇಂಗ್ಲಿಷಿನಲ್ಲಿ ಹಣ್ಣಿನ ಬೆಲೆ ಕೇಳಿದರು. ಅವರಿಗೆ ಉತ್ತರ ಹೇಳಲು ಬರಲಿಲ್ಲ, ಗಿರಾಕಿಗಳು ಹೊರಟುಹೋದರು. ಅಂದು ಅವರಿಗೆ ನಷ್ಟವಾದದ್ದು ನಾಲ್ಕು ಹಣ್ಣಿನ ದುಡ್ಡು. ಆದರೆ ಮನಸ್ಸಿಗೆ ನಾಟಿದ್ದು ಬೇರೆ: ನಮ್ಮೂರ ಮಕ್ಕಳಿಗೂ ಇದೇ ಗತಿಯಾಗಬೇಕೇ?

ಅವರ ಊರು ನ್ಯೂಪಡ್ಪುವಿನಲ್ಲಿ ಆಗ ಶಾಲೆಯಿರಲಿಲ್ಲ. ಹಣ್ಣು ಮಾರಿ ಬಂದ ಚಿಲ್ಲರೆಯಲ್ಲಿ ಮನೆ ನಡೆಸಿ, ಉಳಿದದ್ದನ್ನು ಶಾಲೆಗೆಂದು ಕೂಡಿಟ್ಟರು. ಓದು ಬಾರದ ಮನುಷ್ಯ ಅರ್ಜಿ ಬರೆಸಿಕೊಂಡು ಕಚೇರಿಯಿಂದ ಕಚೇರಿಗೆ ಅಲೆದರು. ಕೊನೆಗೆ ಊರಿನ ಮಸೀದಿಯ ಮದರಸದಲ್ಲಿ 28 ಮಕ್ಕಳೊಡನೆ ಶಾಲೆ ಆರಂಭವಾಯಿತು. ಆಮೇಲೆ ಸ್ವಂತ ಜಾಗವಾಯಿತು, ಕಟ್ಟಡವಾಯಿತು, ಪ್ರೌಢಶಾಲೆಯೂ ಬಂತು. 2020ರಲ್ಲಿ ಅವರಿಗೆ ಪದ್ಮಶ್ರೀ ಪ್ರಕಟವಾಯಿತು. 2021ರ ನವೆಂಬರಿನಲ್ಲಿ ರಾಷ್ಟ್ರಪತಿಗಳ ಕೈಯಿಂದ ಅದನ್ನು ಪಡೆಯಲು ಬರಿಗಾಲಿನಲ್ಲೇ ನಡೆದುಹೋದರು. ಊರಿಗೆ ಬಂದು ಅವರು ಕೇಳಿದ್ದು ತಮಗೊಂದು ಮನೆಯನ್ನಲ್ಲ. ಮಕ್ಕಳು ಮುಂದಕ್ಕೆ ಓದಲು ಪದವಿಪೂರ್ವ ಕಾಲೇಜು ಬೇಕೆಂದು.

ಹಾಜಬ್ಬನವರಿಂದ ನಾವು ಕಲಿಯಬೇಕಾದ ವಿಶೇಷ ಪಾಠವೊಂದಿದೆ. ಮಾಂಝಿಯವರ ಎದುರಿಗೆ ಇದ್ದದ್ದು ಕಲ್ಲು. ಹಾಜಬ್ಬನವರ ಎದುರಿಗೆ ಇದ್ದದ್ದು ಕಾಗದ. ಕಲ್ಲು ಸುತ್ತಿಗೆಗೆ ಒಡೆಯುತ್ತದೆ. ಕಾಗದ ಕದಲಬೇಕಾದರೆ ಮತ್ತೆ ಮತ್ತೆ ಹೋಗಬೇಕು, “ನಾಳೆ ಬನ್ನಿ” ಎಂದರೆ ನಿಜವಾಗಿ ನಾಳೆ ಹೋಗಿ ನಿಲ್ಲಬೇಕು. ಇದೂ ಬೆಟ್ಟ ಕಡಿಯುವುದೇ. ನಮ್ಮಲ್ಲಿ ಅನೇಕರು ಒಂದು ಸಲ ಅರ್ಜಿ ಕೊಟ್ಟು, “ಕೊಟ್ಟಾಯಿತು, ಅವರು ಮಾಡಲಿಲ್ಲ” ಎಂದು ಕೈತೊಳೆದುಕೊಳ್ಳುತ್ತೇವೆ. ಅದು ದಿನಕ್ಕೆ ಅರ್ಧ ಅಂಗುಲದ ಕೆಲಸದಲ್ಲಿ ಮೊದಲನೆಯ ದಿನದ ಅರ್ಧ ಅಂಗುಲ ಮಾತ್ರ.

ನಾವು ಮಾಡಬೇಕಾದುದು

ಬಾಂಧವರೇ, ಈ ನಾಲ್ವರನ್ನು ಒಟ್ಟಿಗೆ ನಿಲ್ಲಿಸಿ ನೋಡಿದರೆ ಕೆಲವು ಸಂಗತಿಗಳು ತಿಳಿಯುತ್ತವೆ.

ಒಂದನೆಯದು, ಯಾರೂ ಲೋಕವನ್ನೇ ತಿದ್ದುತ್ತೇನೆಂದು ಹೊರಡಲಿಲ್ಲ. ಒಂದು ಬೆಟ್ಟ, ಎರಡು ಎಕರೆ, ನಾಲ್ಕು ಕಿಲೋಮೀಟರು ದಾರಿ, ಒಂದು ಶಾಲೆ. ಕೆಲಸಕ್ಕೆ ಎಲ್ಲೆಯಿತ್ತು.

ಎರಡನೆಯದು, ಯಾರೂ ದುಡಿಮೆ ಬಿಟ್ಟು ಬೀದಿಗೆ ಬೀಳಲಿಲ್ಲ. ಹೊಟ್ಟೆಯ ಕೆಲಸ ಮುಗಿಸಿ, ಉಳಿದ ಹೊತ್ತಿನಲ್ಲಿ ಊರಿನ ಕೆಲಸ ಮಾಡಿದರು.

ಮೂರನೆಯದು, ತಮಗೆ ಗೊತ್ತಿದ್ದ ಆಯುಧವನ್ನೇ ಹಿಡಿದರು. ಸುತ್ತಿಗೆ, ಪಿಕಾಸಿ, ಬಿಂದಿಗೆ, ಹಣ್ಣಿನ ಬುಟ್ಟಿ. ದೊಡ್ಡ ಯಂತ್ರ ಬರಲಿ ಎಂದು ಕಾಯಲಿಲ್ಲ.

ನಾಲ್ಕನೆಯದು, ನಗುವವರಿಗೆ ಬಾಯಿಂದ ಉತ್ತರ ಕೊಡಲಿಲ್ಲ.

ಆದರೆ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಇವರ ಕಥೆಯನ್ನು ಕೇಳಿ ಚಪ್ಪಾಳೆ ತಟ್ಟಿ, “ಬಡವನಾದರೇನು, ಮನಸ್ಸು ಮಾಡಿದರೆ ಎಲ್ಲ ಆಗುತ್ತದೆ” ಎಂದು ಬಿಟ್ಟುಬಿಡುವುದು ನ್ಯಾಯವಲ್ಲ. ಫಾಲ್ಗುಣಿ ದೇವಿ ಸಾಯಬೇಕಾಗಿರಲಿಲ್ಲ. ಕಿತ್ತಳೆ ಮಾರುವವನು ಹೊಟ್ಟೆ ಕಟ್ಟಿ ಶಾಲೆ ತರಬೇಕಾಗಿರಲಿಲ್ಲ. ಊರು ಕೂಡಿದ್ದರೆ, ಕಚೇರಿಗಳು ಕಣ್ಣು ತೆರೆದಿದ್ದರೆ ಈ ಕೆಲಸಗಳು ಬೇಗ ಆಗುತ್ತಿದ್ದವು, ಒಂದೊಂದು ಬಾಳು ಹೀಗೆ ಸವೆಯುತ್ತಿರಲಿಲ್ಲ. ಒಬ್ಬನ ಛಲವನ್ನು ಹೊಗಳುವಾಗ ಮಿಕ್ಕವರ ಸೋಮಾರಿತನವನ್ನು ಮರೆಯಬಾರದು.

ಆದ್ದರಿಂದ ನಾನು ನಿಮ್ಮಲ್ಲಿ ಮಾಂಝಿಯಾಗಿ ಎಂದು ಕೇಳುವುದಿಲ್ಲ. ನಿಮ್ಮ ಊರಿನ ಮಾಂಝಿ ಒಂಟಿಯಾಗದ ಹಾಗೆ ನೋಡಿಕೊಳ್ಳಿ ಎಂದು ಕೇಳುತ್ತೇನೆ. ಕೆರೆಗೆ ನೀರು ತರುವ ಕಾಲುವೆ ಹೂಳಿನಿಂದ ಮುಚ್ಚಿದೆ ಎನ್ನಿ. ಅದು 600 ಗಜ ಇದ್ದು ಊರಲ್ಲಿ 60 ಮನೆಗಳಿದ್ದರೆ ಮನೆಗೆ ಹತ್ತು ಗಜ ಬಂತು. ಸುಗ್ಗಿ ಮುಗಿದ ಮೇಲೆ, ಮುಂಗಾರಿಗೆ ಮುಂಚೆ, ವಾರಕ್ಕೆ ಒಂದು ಬೆಳಿಗ್ಗೆ ಗೊತ್ತುಮಾಡಿ. ಯಾರ ಹತ್ತು ಗಜ ಎಲ್ಲಿಂದ ಎಲ್ಲಿಗೆ ಎಂದು ಗೂಟ ಹೊಡೆಯಿರಿ. ಆಳಿಲ್ಲದ ಮನೆ, ವಯಸ್ಸಾದವರ ಮನೆ ಇದ್ದರೆ ಅವರ ಪಾಲನ್ನು ಉಳಿದವರು ಹಂಚಿಕೊಳ್ಳಿ. ಒತ್ತುವರಿ, ಸೇತುವೆ, ತೂಬು ಮುಂತಾಗಿ ಕೈಯಿಂದ ಆಗದ ಕೆಲಸಕ್ಕೆ ಪಂಚಾಯಿತಿಗೆ ಅರ್ಜಿ ಕೊಡಿ; ಹಾಜಬ್ಬನವರ ಹಾಗೆ ಮರುದಿನವೂ ಹೋಗಿ. ಸಸಿ ನೆಡುವುದಾದರೆ ನೂರು ಬೇಡ, ಹತ್ತೇ ಸಾಕು. ಆದರೆ ಒಂದೊಂದಕ್ಕೂ ಮುಳ್ಳಿನ ಬೇಲಿಯಿರಲಿ, ನೀರು ಹಾಕುವ ಮನೆ ಯಾವುದೆಂದು ಮೊದಲೇ ಗೊತ್ತಾಗಿರಲಿ.

ಇನ್ನೊಂದು ಬೇಡಿಕೆ. ನಿಮ್ಮ ಊರಲ್ಲಿ ಯಾರಾದರೂ, ಹೆಂಗಸಾಗಲಿ ಗಂಡಸಾಗಲಿ, ಯಾವ ಜಾತಿಯವರಾಗಲಿ, ಎಲ್ಲರೂ ಆಗದೆನ್ನುವ ಕೆಲಸವನ್ನು ಒಬ್ಬರೇ ಹಿಡಿದು ಕುಳಿತಿದ್ದರೆ ಅವರನ್ನು ನೋಡಿ ನಗಬೇಡಿ. ಅರ್ಧ ದಿನ ಹೋಗಿ ಕೈಜೋಡಿಸಿ. ಅದಾಗದಿದ್ದರೆ ಒಂದು ಚೊಂಬು ಮಜ್ಜಿಗೆಯನ್ನಾದರೂ ಕೊಟ್ಟು ಬನ್ನಿ. ಅವರ ಲೆಕ್ಕದಲ್ಲಿ ಒಂದು ದಿನ ಕಡಿಮೆಯಾದರೂ ಅದು ಊರಿಗೆ ಬಂದ ಲಾಭವೇ.

“ಇದು ನಮ್ಮಂಥವರ ಕೈಲಿ ಆಗುವ ಕೆಲಸವೇ?” ಎಂದು ಕೇಳಿದಿರಲ್ಲ, ಆಗಿರುವುದೆಲ್ಲ ನಮ್ಮಂಥವರ ಕೈಲೇ ಆಗಿದೆ. ನಾಳೆ ಬೆಳಿಗ್ಗೆ ಗುದ್ದಲಿ ಎಲ್ಲಿದೆ ನೋಡಿ.